ಎಂಟನ್ನು ಎಲ್ಲಿಡುತ್ತೀಯ?

ಶಿರಸಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಬೆಳಗಿನ ಜಾವವೇ ಬಂದಿತ್ತು, ನಾನು ನೋಡಿದ್ದು ಸಂಜೆ. ಮೂರು ದಿನದಿಂದ ಬಿಡದೆ ಜಡಿಮಳೆ. ಮಧ್ಯಾಹ್ನವೇ ಕರೆಂಟು ಹೋಗಿದೆ. ಫೋನಿನಲ್ಲಿ ಉಳಿದಿದ್ದ ಚೂರು ಬ್ಯಾಟರಿಯಲ್ಲಿ ನಿನ್ನ ಕ್ಯಾರೆಕ್ಟರ್ ಶೀಟನ್ನು ಹಿಗ್ಗಿಸಿ ಹಿಗ್ಗಿಸಿ ಓದಿದೆ. ಆಮೇಲೆ ಅದನ್ನೆಲ್ಲ ಹಳೆಯ ನೋಟ್‌ಬುಕ್ಕಿಗೆ ಇಳಿಸಿಕೊಂಡು ಚಾರ್ಜರ್ ದೀಪದ ಬೆಳಕಿನಲ್ಲಿ ಈ ಕಾಗದಕ್ಕೆ ಕೂತಿದ್ದೇನೆ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ ಮುಗಿಸುವ ವಿಷಯ ಇದಲ್ಲ.

ಮೊದಲು ಸಂತೋಷದ ಮಾತು. ಅಕ್ಕನ ಮಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಹೊರಟಿದ್ದಾಳೆ, ಅದೂ ಆ ಆಟದ ತವರಿನ ಹತ್ತಿರವೇ! ನೀನಿರುವ ಮ್ಯಾಡಿಸನ್‌ನಿಂದ ಲೇಕ್ ಜಿನೀವಾ ಊರು ಕಾರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಅಲ್ಲಿ ಸೆಂಟರ್ ಸ್ಟ್ರೀಟಿನಲ್ಲಿ 330ನೇ ನಂಬರಿನ ಒಂದು ಸಾಧಾರಣ ಮನೆ ಇದೆ. ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ವಾಸವಿದ್ದ ಮನೆ. 1970ರಲ್ಲಿ ಶಿಕಾಗೋದ ವಿಮೆ ಕಂಪನಿಯ ಕೆಲಸ ಹೋದ ಮೇಲೆ ಅವರು ಶೂ ರಿಪೇರಿ ಮಾಡುತ್ತ ಸಂಸಾರ ತೂಗಿಸುತ್ತಿದ್ದರು. ಬಿಡುವಾದಾಗಲೆಲ್ಲ ಯುದ್ಧದ ಆಟಗಳಿಗೆ ನಿಯಮ ಬರೆಯುತ್ತಿದ್ದರು. ಆ ಆಟಗಳಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದು ಸೈನ್ಯ. ನೂರು ಬೊಂಬೆ ಸತ್ತರೂ ಅಳುವವರಿಲ್ಲ. 1972ರ ಕೊನೆಯಲ್ಲಿ ಮಿನೆಸೋಟಾ ಕಡೆಯಿಂದ ಡೇವ್ ಆರ್ನೆಸನ್ ಎಂಬ ಹುಡುಗ ಅಲ್ಲಿಗೆ ಬಂದು ತನ್ನ ಬ್ಲ್ಯಾಕ್‌ಮೂರ್ ಆಟವನ್ನು ಆಡಿಸಿ ತೋರಿಸಿದ. ಅದರಲ್ಲಿ ಒಬ್ಬರಿಗೆ ಒಂದೇ ಜೀವ. ಈ ವಾರ ಆ ಜೀವಕ್ಕೆ ಆದ ಗಾಯ, ಸಿಕ್ಕ ಹಣ, ಕಲಿತ ವಿದ್ಯೆ ಮುಂದಿನ ವಾರಕ್ಕೂ ಉಳಿಯುತ್ತದೆ. ನನ್ನ ಕೇಳಿದರೆ ಇಡೀ ಆಟದ ಬೀಜ ಇದೇ. ನೂರು ಬೊಂಬೆ ಕೆಳಗಿಟ್ಟು ಒಂದನ್ನು ಎತ್ತಿಕೊಂಡ ಕ್ಷಣಕ್ಕೇ ಅದಕ್ಕೊಂದು ಹೆಸರು ಬೇಕಾಯಿತು.

ಗೈಗ್ಯಾಕ್ಸ್ ಅದರಿಂದ ಕಟ್ಟಿದ ನೆಲಮಾಳಿಗೆಯ ಲೋಕಕ್ಕೆ ಮೊದಲು ಇಳಿದವರು ಅವರ ಮಕ್ಕಳೇ, ಎಲೀಸ್ ಮತ್ತು ಅರ್ನಿ. 1974ರಲ್ಲಿ ಗೈಗ್ಯಾಕ್ಸ್ ಮರದ ಬಣ್ಣದ ಡಬ್ಬಿಯೊಳಗೆ ಮೂರು ಪುಟ್ಟ ಪುಸ್ತಕ ಇಟ್ಟು, ಹತ್ತು ಡಾಲರ್ ಬೆಲೆ ಹಾಕಿ, 1000 ಪ್ರತಿ ಹೊರತಂದರು. ಬಿಡುವು ಸಿಕ್ಕಾಗ ಒಮ್ಮೆ ಆ ಮನೆ ನೋಡಿ ಬಾ. ಅದೇ ಊರಿನ ಹಾರ್ಟಿಕಲ್ಚರಲ್ ಹಾಲ್ ಕೂಡ ನೋಡು. 1968ರಲ್ಲಿ ಜೆನ್ ಕಾನ್ ಎಂಬ ಆಟಗಾರರ ಸಮ್ಮೇಳನ ಮೊದಲ ಸಲ ನಡೆದದ್ದು ಅಲ್ಲಿ. ನನ್ನ ಲೆಕ್ಕದಲ್ಲಿ ಅದು ಒಂದು ಕ್ಷೇತ್ರವೇ.

ಈಗ ನಿನ್ನ ಶೀಟಿಗೆ ಬರುತ್ತೇನೆ.

ಎಲ್ಫ್ ಹುಡುಗಿ, ವಯಸ್ಸು 120. ವಿಝಾರ್ಡ್, ಮೊದಲ ಲೆವೆಲ್. ಬ್ಯಾಕ್‌ಗ್ರೌಂಡ್ ಸೇಜ್. ಡ್ರ್ಯಾಗನ್ ಒಂದು ಅವಳ ಊರನ್ನು ಸುಟ್ಟಿತು, ತಂದೆ ತಾಯಿ ಬಂಧು ಬಳಗ ಒಬ್ಬರೂ ಉಳಿಯಲಿಲ್ಲ, ಅಂದಿನಿಂದ ಅವಳು ಮೌನವ್ರತ ಹಿಡಿದು ಒಂಟಿಯಾಗಿ ಅಲೆಯುತ್ತಿದ್ದಾಳೆ, ಅವಳಿಗೆ ಯಾರೂ ಬೇಕಿಲ್ಲ. ಅಚ್ಚುಕಟ್ಟಾಗಿ, ನಿನ್ನ ಆ ಸಣ್ಣ ಓರೆ ಅಕ್ಷರದಲ್ಲಿ ಬರೆದಿದ್ದೀಯ. ಪೆನ್ಸಿಲ್ ಬಿಟ್ಟು ಪೆನ್ನಿನಲ್ಲಿ ಬರೆದಿದ್ದೀಯ ಎನ್ನುವುದನ್ನೂ ಗಮನಿಸಿದೆ.

ಆಟ ನಡೆಸುವ ನಿಮ್ಮ ಡಿಎಂ ಪಾತ್ರದ ಆರು ಗುಣಗಳಿಗೆಂದು ಎಲ್ಲರಿಗೂ ಒಂದೇ ಆರು ಅಂಕೆ ಕೊಟ್ಟಿದ್ದಾನೆ: 15, 14, 13, 12, 10, 8. ಬ್ಯಾಕ್‌ಗ್ರೌಂಡಿನಿಂದ ಮೂರು ಅಂಕ ಮೇಲೆ ಸೇರುತ್ತದೆ. ಮೊದಲಿನವರಿಗೆ ಈ ಅನುಕೂಲ ಇರಲಿಲ್ಲ. 1974ರ ನಿಯಮದಂತೆ ಮೂರು ದಾಳ ಎಸೆಯಬೇಕು, ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕು. ಮೂರು ದಾಳದ ಸರಾಸರಿ ಹತ್ತೂವರೆ. 18 ಬೀಳುವುದು 216ಕ್ಕೆ ಒಂದು ಸಲ. ಮಂತ್ರವಾದಿ ಆಗಬೇಕೆಂದು ಕೂತವನಿಗೆ ಬುದ್ಧಿ ಆರು, ತೋಳ್ಬಲ ಹದಿನಾರು ಬಿದ್ದರೆ ಕತ್ತಿ ಹಿಡಿಯುವುದೇ ಜಾಣತನ. ಹುಟ್ಟಿನ ಹಾಗೆ, ಕೇಳಿ ಪಡೆಯುವಂತಿಲ್ಲ. ನೀನು ಹಾಗಲ್ಲ, ಕೈಯಲ್ಲಿ ಆರು ಅಂಕೆ ಹಿಡಿದು ಯಾವುದನ್ನು ಎಲ್ಲಿಡಲಿ ಎಂದು ಯೋಚಿಸಿ ಇಟ್ಟಿದ್ದೀಯ.

ಹೊಸಬರೆಲ್ಲ ಮೊದಲು ಕೇಳುವುದು 15 ಎಲ್ಲಿಡಲಿ ಅಂತ. ಅದಕ್ಕೆ ಪುಸ್ತಕದಲ್ಲೇ ಉತ್ತರ ಇದೆ. ವಿಝಾರ್ಡ್ ಆದರೆ ಇಂಟೆಲಿಜೆನ್ಸ್, ಅಷ್ಟೆ. ಆ ಮನೆಯಿಂದ ಪಾತ್ರದ ಬಗ್ಗೆ ಏನೂ ತಿಳಿಯುವುದಿಲ್ಲ, ಎಲ್ಲ ವಿಝಾರ್ಡುಗಳದೂ ಅದೇ. ನಾನು ಯಾರ ಶೀಟು ನೋಡಿದರೂ ಕಣ್ಣು ಮೊದಲು ಹುಡುಕುವುದು ಎಂಟನ್ನು. 10 ಅಂದರೆ ಊರಿನ ಸಾಮಾನ್ಯ ಮನುಷ್ಯ. 8 ಅಂದರೆ ಆ ಗುಣಕ್ಕೆ ಪ್ರತಿ ಸಲ ದಾಳ ಎಸೆದಾಗಲೂ ಒಂದು ಕಳೆಯಬೇಕು. ವರ್ಷಗಟ್ಟಲೆ ಆಡುವಾಗ ಆ ಒಂದು ಸದಾ ಬೆನ್ನ ಹಿಂದೆ ಬರುತ್ತದೆ. ಅದನ್ನು ಎಲ್ಲಿ ಇಟ್ಟಿರುತ್ತೇವೋ ಅಲ್ಲೇ ಪಾತ್ರಕ್ಕೆ ಇನ್ನೊಬ್ಬರ ಕೈ ಬೇಕಾಗುತ್ತದೆ.

ನೀನು ಎಂಟನ್ನು ಕರಿಜ್ಮಾದಲ್ಲಿ, ಜನರನ್ನು ಒಲಿಸುವ ಗುಣದ ಮನೆಯಲ್ಲಿ ಇಟ್ಟಿದ್ದೀಯ. ಅದರ ಪಕ್ಕ ಮೌನವ್ರತ. ಹೆಸರಿನ ಜಾಗದಲ್ಲಿ ಸ್ವರದಿಂದ ಶುರುವಾಗುವ, ಎಲ್ಲೂ ತುಟಿ ಕೂಡದ ಹೆಸರು. ಅದನ್ನು ಓದಿದಾಗ ನನಗೆ ಎಲ್ಲ ಗೊತ್ತಾಯಿತು ಪುಟ್ಟಿ. ಪ, ಬ, ಮ ಬರುವ ಮಾತನ್ನು ನೀನು ಎಷ್ಟು ದೂರದಿಂದ ನೋಡಿ ದಾರಿ ಬದಲಿಸುತ್ತೀಯ ಎಂದು ನಿನ್ನನ್ನು ಎತ್ತಿ ಆಡಿಸಿದವಳಿಗೆ ತಿಳಿಯುವುದಿಲ್ಲವೇ? ಏಳನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ನಿನ್ನ ಹೆಸರನ್ನು ನೀನೇ ಹೇಳಬೇಕಿತ್ತು. ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡೆ. ಇಡೀ ಕ್ಲಾಸು ನಕ್ಕಿತು, ಎದುರು ನಿಂತಿದ್ದ ಟೀಚರೂ ನಕ್ಕರು. ಅವತ್ತು ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಇನ್ನು ನಾನು ಮಾತೇ ಆಡುವುದಿಲ್ಲ ಎಂದೆ. ಆ ಮಾತನ್ನೇ ಈಗ ಎಲ್ಫ್ ಹುಡುಗಿಯ ಬಾಯಿಗೆ ಕಟ್ಟಿದ್ದೀಯ. ಆ ಎಂಟು ಅವಳದೋ ನಿನ್ನದೋ, ಒಮ್ಮೆ ಯೋಚಿಸು.

ಮೊದಲು ಬರೀ ಆಟದ ತಕರಾರು ಹೇಳಿಬಿಡುತ್ತೇನೆ. ಮೌನವ್ರತ ಹಿಡಿದ ವಿಝಾರ್ಡ್‌ಗೆ ಕೈಕಾಲು ಕಟ್ಟಿದ ಹಾಗೆ. ಪುಸ್ತಕದಲ್ಲಿ ಪ್ರತಿ ಮಂತ್ರದ ಕೆಳಗೆ ವಿ, ಎಸ್, ಎಂ ಎಂಬ ಅಕ್ಷರ ಇರುತ್ತವೆ ನೋಡು. ವಿ ಇದ್ದರೆ ಬಾಯಿಬಿಟ್ಟು ಹೇಳಲೇಬೇಕು. ಬಹುಪಾಲು ಮಂತ್ರಗಳಿಗೆ ಅದು ಇದೆ. ಮೈನರ್ ಇಲ್ಯೂಷನ್‌ನಂಥ ಬೆರಳೆಣಿಕೆಯವು ಮಾತ್ರ ಸದ್ದಿಲ್ಲದೆ ನಡೆಯುತ್ತವೆ. ಮಾತಿಲ್ಲದ ಪಾತ್ರವೇ ಬೇಕೆಂದಿದ್ದರೆ ಬೇರೆ ದಾರಿಗಳಿವೆ. ಬೆಂಗಳೂರಿನ ನಮ್ಮ ಮೇಜಿನಲ್ಲಿ ಒಬ್ಬ ಹುಡುಗ ಕೆಂಕು ಆಡುತ್ತಿದ್ದ. 2016ರ ಪುಸ್ತಕದಲ್ಲಿ ಆ ಹಕ್ಕಿಮನುಷ್ಯರಿಗೆ ಸ್ವಂತ ದನಿ ಇರಲಿಲ್ಲ, ಕೇಳಿದ ಸದ್ದನ್ನು ಮಾತ್ರ ತಿರುಗಿ ನುಡಿಯಬಲ್ಲವರಾಗಿದ್ದರು. ಅವನು ನಾವು ಹಿಂದೆ ಆಡಿದ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಅವನ್ನೇ ಜೋಡಿಸಿ ಮಾತಾಡುತ್ತಿದ್ದ. ಎರಡು ವರ್ಷದ ಹಿಂದೆ ನಾನು ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಒಂದು ಸಾವಿನ ಹೊತ್ತಿನಲ್ಲಿ ಮೆತ್ತಗೆ ನುಡಿದ. ಕೂತಿದ್ದ ಎಲ್ಲರ ಕಣ್ಣಲ್ಲೂ ನೀರು. ಆ ಮೂಕತನಕ್ಕೆ ಪ್ರತಿ ಗಳಿಗೆಯೂ ಬೇರೆಯವರ ಮಾತು ಬೇಕಿತ್ತು. ನಿನ್ನ ಎಲ್ಫ್‌ನ ಮೌನಕ್ಕೆ ಯಾರೂ ಬೇಡ. ಎರಡರ ನಡುವೆ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡದು.

ನಿನಗೆ ಅಜ್ಜನ ಒಂದು ವಿಷಯ ಹೇಳಬೇಕು. ಇದನ್ನು ನಾನು ನಿನ್ನ ಅಮ್ಮನಿಗೂ ಹೇಳಿಲ್ಲ.

ಅಜ್ಜನಿಗೂ ಉಗ್ಗು ಇತ್ತು ಎನ್ನುವುದು ನಿನಗೆ ಗೊತ್ತು. ಅಂಗಡಿಯಲ್ಲಿ ಬೆಲ್ಲ ಕೇಳಬೇಕಾದರೆ ಬೆರಳು ತೋರಿಸುತ್ತಿದ್ದರು. ತಾಳಮದ್ದಳೆಯಲ್ಲಿ ಕೂತರೆ ಮಾತ್ರ ಒಂದು ಅಕ್ಷರ ತಡವರಿಸುತ್ತಿರಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕತೆ. ಪಾತ್ರ ಮೈಮೇಲೆ ಬಂದರೆ ಉಗ್ಗು ಓಡಿಹೋಗುತ್ತದೆ ಅಂತ. ನೀನೂ ಅದನ್ನು ಕೇಳಿಯೇ ಬೆಳೆದೆ. ಬಹುಶಃ ಅದರಿಂದಲೇ ನಿನಗೆ, ಅಜ್ಜನಿಗೆ ಒಲಿದದ್ದು ತನಗೆ ಒಲಿಯಲಿಲ್ಲ ಎಂಬ ನೋವು.

ಆ ಕತೆ ಅರ್ಧ ಮಾತ್ರ ನಿಜ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಊರೂರಿನ ಮನೆ, ದೇವಸ್ಥಾನಗಳಲ್ಲಿ ತಾಳಮದ್ದಳೆ ಇಡುತ್ತಿದ್ದರು. ಅಜ್ಜನಿಗೆ ನೀರು, ಎಲೆಯಡಿಕೆ ಕೊಡಲು ನಾನು ಜೊತೆಗೆ ಹೋಗುತ್ತಿದ್ದೆ, ಅವರ ಹಿಂದೆಯೇ ಕಂಬಕ್ಕೆ ಒರಗಿ ಕೂರುತ್ತಿದ್ದೆ. ವೇಷ ಇಲ್ಲ, ಕುಣಿತ ಇಲ್ಲ. ಶಲ್ಯ ಹೊದ್ದು ಚಾಪೆಯ ಮೇಲೆ ಕೂತ ಮನುಷ್ಯ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅದರ ಎಳೆ ಹಿಡಿದು ಅಲ್ಲೇ ಮಾತು ಕಟ್ಟಬೇಕು, ಎದುರು ಕೂತವನು ಏನು ಕೇಳುತ್ತಾನೋ ಅದಕ್ಕೆ ಉತ್ತರ ಹುಟ್ಟಬೇಕು. ಅಜ್ಜ ಬಹಳ ಹೊತ್ತು ಸರಾಗವಾಗಿ ಮಾತಾಡುತ್ತಿದ್ದರು, ಅದು ಹೌದು. ಆದರೆ ಒಮ್ಮೊಮ್ಮೆ ಪದ ಗಂಟಲಲ್ಲಿ ಕಟ್ಟುತ್ತಿತ್ತು. ಹಿಂದೆ ಕೂತ ನನಗೆ ಅವರ ಬೆನ್ನು ಬಿಗಿಯುವುದು ಕಾಣುತ್ತಿತ್ತು. ಆಗ ಅವರು ಕತ್ತನ್ನು ಒಂದಿಷ್ಟು ಭಾಗವತರ ಕಡೆ ತಿರುಗಿಸುತ್ತಿದ್ದರು. ಭಾಗವತರು ಪದದ ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಿದ್ದರು, ಮದ್ದಳೆಯವರು ನಾಲ್ಕು ಪೆಟ್ಟು ಕೊಡುತ್ತಿದ್ದರು. ಕೇಳುವವರಿಗೆ ಅದು ಸೊಗಸು. ಅಷ್ಟರಲ್ಲಿ ಅಜ್ಜ ಉಸಿರು ಎಳೆದುಕೊಂಡು ಇನ್ನೊಂದು ಶಬ್ದದಿಂದ ಒಳಗೆ ಬರುತ್ತಿದ್ದರು. ಮೂವತ್ತು ವರ್ಷ ಇದು ನಡೆಯಿತು. ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿಬಿಡಲಿಲ್ಲ.

ಅಜ್ಜನ ಉಗ್ಗು ಓಡಿಹೋಗಲಿಲ್ಲ ಪುಟ್ಟಿ. ಅದನ್ನು ಹೊರಲು ಪಕ್ಕದಲ್ಲಿ ಜನ ಇದ್ದರು.

ಅಜ್ಜ ಹೆಸರಾದದ್ದು ವಾಲಿಯ ಅರ್ಥಕ್ಕೆ. ವಾಲಿಗೆ ಎದುರು ನಿಂತವರ ಅರ್ಧ ಬಲ ಅವನಿಗೇ ಬರುತ್ತದೆ, ರಾವಣನನ್ನೇ ಕಂಕುಳಲ್ಲಿ ಅವುಚಿದವನು. ಆಟದ ಲೆಕ್ಕದಲ್ಲಿ ಆರೂ ಮನೆಯಲ್ಲಿ 18. ಅಂಥವನು ಮರದ ಮರೆಯಿಂದ ಬಂದ ಬಾಣಕ್ಕೆ ಬಿದ್ದ ಮೇಲೆ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಬೇರೆಯವರು ಅಲ್ಲಿ ಧರ್ಮಶಾಸ್ತ್ರವನ್ನೆಲ್ಲ ಸುರಿಯುತ್ತಿದ್ದರು. ಅಜ್ಜ ತಯಾರಿ ಮಾಡುವಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಇಷ್ಟು ಬಲ ಇದ್ದವನಿಗೆ ಇನ್ನೊಬ್ಬರು ಬೇಕಾಗುವುದು ಯಾವಾಗ? ಅವರೇ ಕಂಡುಕೊಂಡ ಉತ್ತರ ಅಂಗದ. ಸಾಯುವವನಿಗೆ ಮಗನನ್ನು ಯಾರಾದರೂ ನೋಡಿಕೊಳ್ಳಬೇಕು, ಕೇಳಿಕೊಳ್ಳಬಹುದಾದ ಒಬ್ಬನೇ ಮನುಷ್ಯ ಎಂದರೆ ತನ್ನನ್ನು ಕೊಂದವನು. ಅಜ್ಜನ ವಾದವೆಲ್ಲ, ಸಿಟ್ಟೆಲ್ಲ, ಆ ಒಂದು ಕೇಳಿಕೆಯ ಕಡೆಗೆ ಇಳಿದು ಬರುತ್ತಿತ್ತು. ಜನಕ್ಕೆ ಪ್ರಸಂಗದ ಕೊನೆ ಮೊದಲೇ ಗೊತ್ತು, ಆದರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನಿಮ್ಮ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಡಿಎಂಗೂ ಗೊತ್ತಿಲ್ಲ, ದಾಳ ಹೇಳಬೇಕು. ಉಳಿದಂತೆ ಪಾತ್ರ ಕಟ್ಟುವ ಕೆಲಸ ಎರಡು ಕಡೆಯೂ ಒಂದೇ. ಎಂಟನೆಯ ವಯಸ್ಸಿನಲ್ಲಿ ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ನಾನು ಕಲಿತದ್ದನ್ನು ಅಮೆರಿಕದ ಪುಸ್ತಕದಲ್ಲಿ ಮತ್ತೆ ಓದಿದಾಗ ಮೈ ಜುಮ್ಮೆಂದಿತ್ತು.

ಹಾಗಂತ ನಾನು ಮೊದಲ ಸಲಕ್ಕೇ ಸರಿಯಾಗಿ ಮಾಡಿದೆ ಅಂದುಕೊಳ್ಳಬೇಡ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಆಫೀಸಿನ ಗೆಳೆಯರು ಶನಿವಾರ ಸಂಜೆ ಜಯನಗರದ ಒಂದು ಮನೆಯಲ್ಲಿ ಸೇರುತ್ತಿದ್ದರು. ನನ್ನ ಮೊದಲ ಪಾತ್ರಕ್ಕೆ ಹನ್ನೊಂದು ಪುಟ ಪೂರ್ವಕತೆ ಬರೆದುಕೊಂಡು ಹೋದೆ. ಕಾಡಿನ ರೇಂಜರ್, ಬಿಲ್ಲಿನಲ್ಲಿ ಸೋತವಳಲ್ಲ, ಮನೆಯವರೆಲ್ಲ ಸತ್ತಿದ್ದಾರೆ, ಸೇಡು ತೀರಿಸಿಕೊಳ್ಳಬೇಕು. ಹುಟ್ಟಿದ್ದರಿಂದ ಹಿಡಿದು ನಿನ್ನೆಯವರೆಗಿನ ಎಲ್ಲ ಪ್ರಶ್ನೆಗೂ ನಾನೇ ಉತ್ತರ ಬರೆದಿದ್ದೆ. ಡಿಎಂ ಪ್ರೀತಿಯಿಂದ ಓದಿದ. ಆಮೇಲೆ ನಾಲ್ಕು ಶನಿವಾರ ನನ್ನ ರೇಂಜರ್ ಮೂಲೆಯಲ್ಲಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಕೇಳಲು ಏನೂ ಉಳಿದಿರಲಿಲ್ಲ. ಮನೆಗೆ ಬಾಗಿಲನ್ನೇ ಇಡದೆ ಗೋಡೆ ಎಬ್ಬಿಸಿದ್ದೆ.

ಎರಡನೆಯವಳು ಹಾಫ್‌ಲಿಂಗ್, ಸೊಂಟದೆತ್ತರದ ಫೈಟರ್. ಅವಳ ಎಂಟನ್ನು ಇಂಟೆಲಿಜೆನ್ಸಿನಲ್ಲಿ ಇಟ್ಟೆ. ಓದು ಬಾರದು ಎಂದು ತೀರ್ಮಾನಿಸಿದೆ. ಜೋಳಿಗೆಯಲ್ಲಿ ತಾಯಿ ಬರೆಸಿ ಕಳಿಸಿದ ಒಂದು ಕಾಗದ. ಅದನ್ನು ಯಾರ ಕೈಯಲ್ಲಾದರೂ ಓದಿಸಬೇಕು, ಆದರೆ ಓದು ಬಾರದೆಂದು ಹೇಳಿಕೊಳ್ಳಲು ನಾಚಿಕೆ. ಇಷ್ಟೇ ನನ್ನ ಪೂರ್ವಕತೆ, ನಾಲ್ಕು ಸಾಲು. ಕಾಗದದಲ್ಲಿ ಏನಿದೆ ಎಂದು ನಾನೂ ಬರೆದಿರಲಿಲ್ಲ. ಏಳು ತಿಂಗಳು ಅದು ಜೋಳಿಗೆಯಲ್ಲೇ ಇತ್ತು. ಒಂದು ರಾತ್ರಿ, ಆಟದೊಳಗಿನ ರಾತ್ರಿ, ಬೆಂಕಿ ಕಾಯಿಸುತ್ತ ಕೂತಾಗ ಅದನ್ನು ನಮ್ಮ ವಿಝಾರ್ಡ್ ಆಡುತ್ತಿದ್ದ ಗೆಳೆಯನ ಮುಂದೆ ಚಾಚಿದೆ. ಅವನಿಗೆ ಅರ್ಥವಾಯಿತು. ಖಾಲಿ ಕೈಯನ್ನು ಕಾಗದದಂತೆ ಹಿಡಿದು ಓದಿದ. ಬೆಳ್ಳುಳ್ಳಿಯನ್ನು ಯಾವ ತಿಂಗಳು ನೆಡಬೇಕು, ಎಷ್ಟು ಗೇಣಿಗೊಂದು ನೆಡಬೇಕು, ಮೊಳಕೆ ಬಂದ ಮೇಲೆ ನೀರು ಎಷ್ಟು. ಮಗಳೇ ಎಂದು ಎಲ್ಲೂ ಇಲ್ಲ, ಮನೆಗೆ ಬಾ ಎಂದೂ ಇಲ್ಲ. ಬರೀ ಬೆಳ್ಳುಳ್ಳಿ. ಮೇಜಿನ ಸುತ್ತ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಕಾಗದವನ್ನು ನಾನೇ ಬರೆದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆ ಪಾತ್ರವನ್ನು ನಾಲ್ಕು ವರ್ಷ ಆಡಿದೆ.

ಗೈಗ್ಯಾಕ್ಸ್ ಅವರ ಇನ್ನೊಬ್ಬ ಮಗ ಲೂಕ್ ಆಡುತ್ತಿದ್ದ ಪಾತ್ರಕ್ಕೆ ಮೊದಲಿಗೆ ಹೆಸರೂ ಇರಲಿಲ್ಲ. ಶೀಟಿನಲ್ಲಿ ಗಂಡು ಎನ್ನಲು ಎಂ, ಅದರ ಮುಂದೆ ಎಲ್ಫ್ ಎಂದು ಬರೆದಿತ್ತು. ಎರಡೂ ಕೂಡಿ ಮೆಲ್ಫ್ ಆಯಿತು. ಆ ಮೆಲ್ಫ್ ಹೆಸರಿನ ಆಸಿಡ್ ಬಾಣದ ಮಂತ್ರ ನಿನ್ನ ವಿಝಾರ್ಡ್ ಪಟ್ಟಿಯಲ್ಲೇ ಇದೆ, ಎರಡನೆಯ ಲೆವೆಲ್ಲಿನ ಮಂತ್ರಗಳಲ್ಲಿ ಹುಡುಕು. ಅಂದರೆ ಹೆಸರಿಲ್ಲದೆ ಶುರುವಾದವನೂ ಇಷ್ಟು ವರ್ಷ ಬದುಕಿದ. ಆಡುತ್ತ ಆಡುತ್ತ ಪಾತ್ರ ತಾನೇ ತುಂಬಿಕೊಳ್ಳುತ್ತದೆ, ನೀನು ಬಾಯಿ ತೆರೆದಿಟ್ಟ ಕೊಡ ಕೊಟ್ಟರೆ ಸಾಕು.

ಅವಳಿಗೆ ಯಾರೂ ಬೇಕಿಲ್ಲ ಎಂದು ಬರೆದಿದ್ದೀಯಲ್ಲ, ನಿಯಮವೇ ಅದಕ್ಕೆ ಒಪ್ಪುವುದಿಲ್ಲ. ಲೆಕ್ಕ ನೋಡು. ಮೊದಲ ಲೆವೆಲ್ಲಿನ ವಿಝಾರ್ಡ್‌ಗೆ ಆರು ಹಿಟ್ ಪಾಯಿಂಟ್, ನಿನ್ನ ಕಾನ್‌ಸ್ಟಿಟ್ಯೂಷನ್ 13 ಇರುವುದರಿಂದ ಇನ್ನೊಂದು, ಒಟ್ಟು ಏಳು. ಒಬ್ಬ ಸಾಮಾನ್ಯ ಗಾಬ್ಲಿನ್ ಕತ್ತಿ ಬೀಸಿದರೆ ಒಂದು ದಾಳದ ಮೇಲೆ ಎರಡು ಸೇರಿಸಿ ಪೆಟ್ಟು. ಐದೋ ಆರೋ ಬಿದ್ದರೆ ನಿನ್ನ ಎಲ್ಫ್ ಒಂದೇ ಏಟಿಗೆ ನೆಲಕ್ಕೆ. ಅಂದರೆ ತಾಗಿದ ಮೂರು ಏಟಿನಲ್ಲಿ ಒಂದು. ನೆಲಕ್ಕೆ ಬಿದ್ದ ಮೇಲೆ ಪ್ರತಿ ಸರದಿಗೂ ಇಪ್ಪತ್ತರ ದಾಳ ಎಸೆಯುತ್ತೀಯ. ಹತ್ತು ಅಥವಾ ಮೇಲೆ ಮೂರು ಸಲ ಬಂದರೆ ಉಳಿಯುತ್ತೀಯ, ಕೆಳಗೆ ಮೂರು ಸಲ ಬಂದರೆ ಹೋದೆ. ಅಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಮೊಣಕಾಲೂರಿದರೆ ಎಣಿಕೆ ನಿಲ್ಲಬಹುದು. ಹಳೆಯ ಆಟದಲ್ಲಿ ಸೊನ್ನೆಗೆ ಇಳಿದರೆ ಸತ್ತ ಹಾಗೆಯೇ. ಬರಬರುತ್ತ ಆಟ ಕಲಿತದ್ದು ಈ ನಡುವಿನ ಹೊತ್ತನ್ನು, ಗೆಳೆಯ ಓಡಿ ಬರಲು ಇರುವ ಹೊತ್ತನ್ನು.

ಹಾಗಾಗಿ ನಿನ್ನ ಕತೆಯಲ್ಲಿ ನಾನು ಮೂರು ಜಾಗ ತಿದ್ದಬೇಕೆಂದು ಬೇಡುತ್ತೇನೆ. ಊರು ಸುಡಲಿ, ಆದರೆ ಒಬ್ಬರನ್ನು ಉಳಿಸು. ತಮ್ಮನೋ, ಸಾಲ ಕೊಟ್ಟ ಕುಂಬಾರನೋ, ನಿನಗೆ ಇಷ್ಟವಿಲ್ಲದ ಅತ್ತೆಯೋ, ಯಾರಾದರೂ ಆಗಲಿ. ಬದುಕಿರುವವರನ್ನು ಡಿಎಂ ಕತೆಗೆ ಕರೆತರಬಹುದು, ಸತ್ತವರಿಂದ ಅಷ್ಟು ಉಪಯೋಗವಿಲ್ಲ. ಬೆಂಕಿಯಿಂದ ಅವಳನ್ನು ಹೊರಗೆಳೆದವರು ಯಾರು ಎನ್ನುವುದನ್ನು ಖಾಲಿ ಬಿಡು, ಮೊದಲ ದಿನ ಮೇಜಿನ ಸುತ್ತ ಕೂತವರನ್ನು ಕೇಳು, ನಿಮ್ಮಲ್ಲಿ ಯಾರು ಅಂತ. ಯಾರಾದರೂ ಕೈ ಎತ್ತುತ್ತಾರೆ, ನೋಡು ಬೇಕಾದರೆ. ಇನ್ನು ಆ ಮೌನವ್ರತ. ಅದನ್ನು ಪೂರ್ತಿ ತೆಗೆ ಎನ್ನುವುದಿಲ್ಲ, ಸಣ್ಣದು ಮಾಡು. ಅವಳು ಎಲ್ಲ ಮಾತಾಡಲಿ, ಒಂದು ಹೆಸರನ್ನು ಮಾತ್ರ ಹೇಳದಿರಲಿ. ಗುರುವಿನ ಹೆಸರೋ, ಊರಿನ ಹೆಸರೋ. ಪೂರ್ತಿ ಮೌನವನ್ನು ಜನ ಗೌರವಿಸಿ ದೂರ ನಿಲ್ಲುತ್ತಾರೆ. ಒಂದೇ ಒಂದು ಹೆಸರು ಹೇಳದವಳನ್ನು ಯಾಕೆ ಎಂದು ಕೇಳದೆ ಇರಲು ಯಾರಿಂದಲೂ ಆಗುವುದಿಲ್ಲ. 2014ರ ಪುಸ್ತಕದಲ್ಲಿ ಸ್ವಭಾವ, ಆದರ್ಶ, ಬಂಧ, ದೋಷ ಎಂದು ನಾಲ್ಕು ಮನೆ ಇದ್ದವು. ಹೊಸ ಪುಸ್ತಕದ ಬ್ಯಾಕ್‌ಗ್ರೌಂಡುಗಳಲ್ಲಿ ಅವು ಮೊದಲಿನಂತೆ ಇಲ್ಲ. ನಾನು ಈಗಲೂ ಬಂಧದ ಮನೆಯನ್ನು ಕೈಯಿಂದಲೇ ಗೆರೆ ಎಳೆದು ಹಾಕಿಕೊಳ್ಳುತ್ತೇನೆ.

ಮಾತಿನ ವಿಷಯ. ನಿನಗೆ ಇರುವ ಭಯ, ಅಷ್ಟು ಜನ ಅಮೆರಿಕನ್ನರ ಮಧ್ಯೆ, ಇಂಗ್ಲಿಷಿನಲ್ಲಿ, ನಾಟಕದವರ ಹಾಗೆ ದನಿ ಬದಲಿಸಿ ಮಾತಾಡಬೇಕು ಎಂದು ತಾನೆ? ಬೇಕಿಲ್ಲ. ಪಾತ್ರ ಆಡಲು ಎರಡು ಬಗೆ ಎಂದು ಅದೇ 2014ರ ಪುಸ್ತಕದಲ್ಲಿ ಸ್ಪಷ್ಟವಾಗಿ ಇದೆ. ಒಂದು, ಪಾತ್ರವಾಗಿಯೇ ನುಡಿಯುವುದು. ಇನ್ನೊಂದು, ಪಾತ್ರ ಏನು ಮಾಡಿತು, ಏನು ಹೇಳಿತು ಎಂದು ಹೊರಗೆ ನಿಂತು ವಿವರಿಸುವುದು. ಅವಳು ಕಾವಲುಗಾರನ ಹತ್ತಿರ ಹೋಗಿ, ಮಗು ಒಳಗೇ ಉಳಿದಿದೆ, ಬಾಗಿಲು ತೆಗೆ ಎಂದು ಕೇಳಿಕೊಳ್ಳುತ್ತಾಳೆ. ಇಷ್ಟು ಹೇಳಿ ದಾಳ ಎಸೆದರೆ ಆಯಿತು. ಎರಡೂ ಸಮ, ಒಂದು ಮೇಲು ಇನ್ನೊಂದು ಕೀಳು ಅಲ್ಲ. ಅವನ ಮನಸ್ಸು ಕರಗಿತೋ ಇಲ್ಲವೋ ಎನ್ನುವುದು ನಿನ್ನ ನಾಲಿಗೆಯ ಮೇಲೆ ನಿಂತಿಲ್ಲ, ಅವಳ ಕರಿಜ್ಮಾದ ಮೇಲೆ ನಿಂತಿದೆ. ನಡುಮಟ್ಟದ ಕಷ್ಟಕ್ಕೆ 15 ಮುಟ್ಟಬೇಕು. ಈಗಿನ ನಿನ್ನ 8ರಲ್ಲಿ ನೂರಕ್ಕೆ 25 ಸಲ ಮುಟ್ಟುತ್ತೀಯ. ಕರಿಜ್ಮಾ 15 ಇದ್ದು ಒಲಿಸುವ ವಿದ್ಯೆ ಕಲಿತವಳು 50 ಸಲ ಮುಟ್ಟುತ್ತಾಳೆ. ಒಂದೇ ಒಂದು ಶಬ್ದವನ್ನೂ ಸರಾಗವಾಗಿ ಆಡದ ಮನುಷ್ಯ ಈ ಆಟದಲ್ಲಿ ರಾಜರನ್ನು ಒಪ್ಪಿಸಬಹುದು. ಉಗ್ಗಿಕೊಂಡೇ ಒಪ್ಪಿಸಬಹುದು. ನನಗೆ ಈ ಆಟದ ಮೇಲೆ ಇರುವ ಪ್ರೀತಿಯಲ್ಲಿ ಅರ್ಧ ಪಾಲು ಈ ಒಂದು ನಿಯಮಕ್ಕೆ ಸಲ್ಲುತ್ತದೆ.

ಆಟ ಶುರುವಾಗುವ ಮೊದಲು ಸೆಷನ್ ಝೀರೋ ಅಂತ ಒಂದು ದಿನ ಕೂರುತ್ತಾರೆ. ಯಾವ ತರಹದ ಕತೆ, ಯಾವುದು ಬೇಡ ಎಂದು ಮಾತಾಡಿಕೊಳ್ಳುವ ದಿನ. ಎಷ್ಟೋ ಮೇಜುಗಳಲ್ಲಿ ಮಧ್ಯೆ ಎಕ್ಸ್ ಎಂದು ಬರೆದ ಒಂದು ಕಾರ್ಡ್ ಇಡುತ್ತಾರೆ. ಯಾವುದಾದರೂ ಮಾತು ಸಹಿಸಲಾಗದೆ ಹೋದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಆ ದಿನಕ್ಕೆ ಮೊದಲೇ ನಿಮ್ಮ ಡಿಎಂಗೆ ಹೇಳಿಬಿಡು. ಬಾಯಲ್ಲಿ ಕಷ್ಟವಾದರೆ ಬರೆದು ಹೇಳು. ನನಗೆ ಉಗ್ಗು ಇದೆ, ಸಿಕ್ಕಿಕೊಂಡಾಗ ನನ್ನ ಮಾತನ್ನು ನೀವು ಪೂರ್ತಿ ಮಾಡಬೇಡಿ, ಸ್ವಲ್ಪ ಹೊತ್ತು ಕೊಡಿ, ಆ ಹೊತ್ತಿನಲ್ಲಿ ಗುಡಿಯ ಗಂಟೆಯನ್ನೋ ಹೊರಗಿನ ಮಳೆಯನ್ನೋ ವರ್ಣಿಸಿ. ಭಾಗವತರು ಕೊನೆಯ ಸಾಲು ಎತ್ತಿಕೊಂಡ ಹಾಗೆ. ಕೇಳಿದರೆ ಮಾಡದ ಡಿಎಂ ಇದ್ದರೆ ಆ ಮೇಜು ನಿನಗೆ ಬೇಡ, ಬೇರೆ ಮೇಜು ಹುಡುಕೋಣ. ನಮ್ಮ ಹಳೆಯ ಗುಂಪು ಈಗ ವೀಡಿಯೋದಲ್ಲಿ ಆಡುತ್ತದೆ. ನಿನಗೆ ಒಂದು ಕುರ್ಚಿ ಯಾವತ್ತೂ ಇದೆ, ಕನ್ನಡದಲ್ಲೇ ಆಡಬಹುದು.

ಹೆಸರಿನ ಮಾತು ಉಳಿಯಿತು. ಈಗಿರುವುದು ಚೆನ್ನಾಗಿಲ್ಲ ಎಂದಲ್ಲ, ಆದರೆ ಅದನ್ನು ಭಯ ಆರಿಸಿದೆ. ಪುಸ್ತಕದಲ್ಲಿ ಡ್ರಾಮಿಜ್ ಎಂಬ ಮಂತ್ರವಾದಿಯ ಹೆಸರು ಸಿಗುತ್ತದೆ. ಅದು ಜಿಮ್ ವಾರ್ಡ್ ಎಂಬ ಆಟಗಾರನ ಹೆಸರು, ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದ್ದು. ಅಜ್ಜನ ಹೆಸರನ್ನೂ ಹಾಗೆ ತಿರುಗಿಸಿ ಬರೆದು ನೋಡು. ನಾನು ಬರೆದು ನೋಡಿದೆ, ಎಲ್ಫ್ ಹೆಸರಿನಂತೆಯೇ ಇದೆ. ನಡುವೆ ಒಂದು ಬಕಾರ ಬರುತ್ತದೆ. ಬರಲಿ.

ವಿಝಾರ್ಡ್ ಬೇಕಿದ್ದರೆ ವಿಝಾರ್ಡೇ ಇರಲಿ, ಎಲ್ಫೇ ಇರಲಿ. ಎಂಟನ್ನು ಕರಿಜ್ಮಾದಲ್ಲೇ ಇಡಬೇಕೆಂದು ಅನ್ನಿಸಿದರೂ ಇಡು, ಅದಕ್ಕೆ ಅವಳ ಬದುಕಿನಲ್ಲೇ ಒಂದು ಕಾರಣ ಇದ್ದರೆ ನನ್ನ ತಕರಾರಿಲ್ಲ. ಕಾರಣ ಏಳನೇ ಕ್ಲಾಸಿನದಾದರೆ ಅಳಿಸು. ತೋಳ್ಬಲಕ್ಕೆ ಹಾಕು, ಭಾರದ ಗಂಟನ್ನು ಬೇರೆಯವರು ಹೊರುತ್ತಾರೆ.

ಮಳೆ ಸ್ವಲ್ಪ ತಗ್ಗಿದೆ. ಅಮ್ಮನಿಗೆ ಫೋನ್ ಮಾಡು, ತೊಡೆದೇವು ಕಳಿಸಲು ಯಾರಾದರೂ ಬರುವವರು ಇದ್ದಾರೋ ಕೇಳು. ನಿಮ್ಮ ಆಟ ಶನಿವಾರ ಅಲ್ಲವೇ? ಶುಕ್ರವಾರದೊಳಗೆ ಹೊಸ ಶೀಟನ್ನು ಪೆನ್ಸಿಲ್‌ನಲ್ಲಿ ಬರೆದು, ಎಂಟನ್ನು ಎಲ್ಲಿಟ್ಟೆ ಎಂದು ನನಗೆ ತಿಳಿಸು.

ನಿನ್ನ
ಚಿಕ್ಕಮ್ಮ